ಬ್ರಹ್ಮಚಾರಿಗಳ ಒಬ್ಬಟ್ಟು

ಹಬ್ಬದ ಅಡಿಗೆಯನ್ನು ಕುರಿತು ಬರೆಯತಕ್ಕ ಅಧಿಕಾರವು ಗೃಹಿಣಿಯರಿಗೆ ಸಲ್ಲುವುದೆಂಬುದನ್ನು ನಾನು ಬಲ್ಲೆನು. ಕಣಕಕ್ಕೆ ಎಷ್ಟು ಎಣ್ಣೆ ಹಿಡಿಯುವುದು, ಹೂರಣಕ್ಕೆ ಯಾವಾಗ ಬೆಲ್ಲ ಬೀಳಬೇಕು ಎಂಬ ವಿಷಯಗಳಲ್ಲಿ ಗಂಡಸು ಬಾಯಿ ಹಾಕಿದರೆ ಓದುಗ ಸೋದರಿಯರು ನಗುವುದು ನ್ಯಾಯವೇ ಆಗಿದೆ. ಆದಾಗ್ಯೂ, ಇಪ್ಪತ್ತನಾಲ್ಕನೆಯ ಪ್ರಾಯದಲ್ಲಿ ನಾವು ನಾಲ್ವರು ಗೆಳೆಯರು, ಅಡಿಗೆ ಬಲ್ಲ ಹಿರಿಯರೊಬ್ಬರೂ ಇಲ್ಲದ ಮನೆಯಲ್ಲಿ, ಒಂದು ಯುಗಾದಿಗೆ ಒಬ್ಬಟ್ಟು ಮಾಡಿದ ಸಂಗತಿಯನ್ನು ಹೇಳಬೇಕೆಂಬ ಆಸೆ ಬಹು ದಿನಗಳಿಂದ ನನ್ನಲ್ಲಿದೆ. ಅದರಲ್ಲಿ ಪಾಕಶಾಸ್ತ್ರಕ್ಕಿಂತ ಬೇರೆ ವಿಷಯವೇ ಹೆಚ್ಚಾಗಿರುವುದರಿಂದ ಈ ಅತಿಕ್ರಮವನ್ನು ಕ್ಷಮಿಸಬೇಕು.

ಅದು 1981ನೆಯ ಇಸವಿ. ಬೆಂಗಳೂರಿನ ಹನುಮಂತನಗರದ ಒಂದು ವಠಾರದಲ್ಲಿ ನಮ್ಮದು ಒಂದು ಕೋಣೆ, ಒಂದು ಅಡಿಗೆಯ ಗೂಡು. ಅದನ್ನು ಅಡಿಗೆಯ ಮನೆಯೆಂದು ಕರೆಯಲು ನನಗೆ ಧೈರ್ಯ ಸಾಲದು. ಬಾಡಿಗೆ ತಿಂಗಳಿಗೆ 120 ರೂಪಾಯಿ, ತಲೆಗೆ 30. ಕಾವೇರಿಯ ನೀರು ಬೆಂಗಳೂರಿಗೆ ಬಂದು ಆಗಲೇ ಏಳು ವರ್ಷಗಳಾಗಿದ್ದರೂ ನಮ್ಮ ವಠಾರದ ನಲ್ಲಿಗೆ ಆಕೆ ದರ್ಶನ ಕೊಡುತ್ತಿದ್ದುದು ಬೆಳಗಿನ ಜಾವದ ಎರಡು ಗಂಟೆಗಳ ಕಾಲ ಮಾತ್ರ. ಬತ್ತಿಯ ಸ್ಟೋವು ಒಂದು, ಪಾತ್ರೆಗಳು ಏಳು, ತಟ್ಟೆಗಳು ನಾಲ್ಕು. ಐದನೆಯವನು ಅತಿಥಿಯಾಗಿ ಬಂದರೆ ಅವನಿಗೆ ಬಾಳೆಯೆಲೆಯ ಸತ್ಕಾರ ದೊರೆಯುತ್ತಿದ್ದುದು ಭಕ್ತಿಯಿಂದಲ್ಲ, ತಟ್ಟೆಯ ಅಭಾವದಿಂದ.

ನಾಲ್ವರೂ ನಾಲ್ಕು ಸೀಮೆಯವರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಧಾರವಾಡದವನೂ ಮಂಡ್ಯದವನೂ ನಗರದ ಹೊರವಲಯದ ಸರಕಾರೀ ಸ್ವಾಮ್ಯದ ಕಾರ್ಖಾನೆಗಳಲ್ಲಿ ಕೆಲಸಗಾರರು. ನಸುಕಿನಲ್ಲಿಯೇ ಎದ್ದು ರಸ್ತೆಯ ತಿರುವಿನಲ್ಲಿ ಕಾರ್ಖಾನೆಯ ಬಸ್ಸಿಗೆ ಕಾದು ನಿಲ್ಲುವರು. ಪುತ್ತೂರಿನವನು ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತ ಸಂಜೆಯ ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದನು. ನಾನು ಹಾಸನದ ಕಡೆಯವನು. ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಗುಮಾಸ್ತೆಯಾದ ಕಾರಣ ಮನೆಯ ಲೆಕ್ಕಪತ್ರವೂ ನನ್ನ ಪಾಲಿಗೇ ಬಂದಿತ್ತು. ಆ ಲೆಕ್ಕವೇ ಈ ಕಥೆಯ ಮೂಲವಾದುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಣಗಳು. ಯಾರು ಮನೆಯಲ್ಲಿ ಊಟ ಮಾಡಿದರೋ ಅವರ ಅಂಕಣದಲ್ಲಿ ಊಟಕ್ಕೆ ಒಂದು ಗೀಟು. ತಿಂಗಳ ಕೊನೆಯಲ್ಲಿ ಅಕ್ಕಿ, ಬೇಳೆ, ಸೀಮೆಯೆಣ್ಣೆಗಳ ಒಟ್ಟು ಖರ್ಚನ್ನು ಒಟ್ಟು ಗೀಟುಗಳಿಂದ ಭಾಗಿಸಿ, ಅವರವರ ಗೀಟಿಗೆ ತಕ್ಕಂತೆ ಹಣ. ಇಷ್ಟು ನ್ಯಾಯವಾದ ಪದ್ಧತಿಯನ್ನು ಕಂಡುಹಿಡಿದುದಕ್ಕಾಗಿ ನನಗೆ ಆಗ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ಜಗಳವಾಗುತ್ತಿದ್ದುದು ಹಣದ ವಿಷಯದಲ್ಲಲ್ಲ, ಸಂಗೀತದ ವಿಷಯದಲ್ಲಿ. ಇದ್ದುದು ಒಂದೇ ಟ್ರಾನ್ಸಿಸ್ಟರ್, ಅದು ಮಂಡ್ಯದವನದು. ಬುಧವಾರ ರಾತ್ರಿ ಎಂಟಕ್ಕೆ ಸಿಲೋನ್ ರೇಡಿಯೋದಿಂದ ಬಿನಾಕಾ ಗೀತಮಾಲಾ ಬರುವ ಹೊತ್ತಿಗೆ ಅವನು ಅದನ್ನು ಎದೆಗವಚಿಕೊಂಡು ಕುಳಿತನೆಂದರೆ ಅನ್ನ ಸೀದರೂ ಏಳುತ್ತಿರಲಿಲ್ಲ. ರಾಜನ್–ನಾಗೇಂದ್ರರು ರಾಗ ಹಾಕಿದ ಹಾಡುಗಳೆಲ್ಲ ಅವನಿಗೆ ಬಾಯಿಪಾಠ. ‘ಎರಡು ಕನಸು’ ಚಿತ್ರವನ್ನು ಎಷ್ಟು ಸಲ ನೋಡಿದ್ದನೆಂಬುದನ್ನು ತಾಯಿಗೆ ಮಾತ್ರ ಹೇಳಿರಲಿಲ್ಲ. ಧಾರವಾಡದವನದು ಬೇರೆಯೇ ಮಾರ್ಗ. ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನು ಹೇಳುವಾಗ ಅವನ ಕೈ ತಾನಾಗಿ ಕಿವಿಯನ್ನು ಮುಟ್ಟುತ್ತಿತ್ತು. ಚಿತ್ರಗೀತೆ ಮುಗಿಯಿತೋ ಇಲ್ಲವೋ ಅವನು ಮುಳ್ಳನ್ನು ತಿರುಗಿಸಿ, ಕೊರಕೊರ ಸದ್ದಿನ ನಡುವಿನಿಂದ ಎಲ್ಲಿಂದಲೋ ಒಂದು ತಾನ್‌ಪುರದ ಶ್ರುತಿಯನ್ನು ಹಿಡಿದು ತರುವನು. ಪುತ್ತೂರಿನವನಿಗೆ ಯಕ್ಷಗಾನದ ಭಾಗವತಿಕೆಯೊಂದನ್ನು ಬಿಟ್ಟರೆ ಉಳಿದುದೆಲ್ಲ ಸಪ್ಪೆ. ನನ್ನ ಒಲವು ಭಾವಗೀತೆಗಳ ಕಡೆಗೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ವು 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದಿತ್ತು, ಎದುರು ಮನೆಯವರ ಟೇಪ್‌ರೆಕಾರ್ಡರಿನಲ್ಲಿ ಅದು ನುಡಿಯತೊಡಗಿದರೆ ನಾನು ನೆಪ ಮಾಡಿಕೊಂಡು ಅವರ ಬಾಗಿಲ ಬಳಿಯ ನಲ್ಲಿಗೆ ನೀರಿಗೆ ಹೋಗುತ್ತಿದ್ದೆನು. ನಲ್ಲಿಯಲ್ಲಿ ನೀರಿಲ್ಲದ ಹೊತ್ತಿನಲ್ಲಿಯೂ ಹೋಗಿ ನಗೆಪಾಟಲಾದುದುಂಟು.

ನಾಲ್ವರೂ ಒಪ್ಪುತ್ತಿದ್ದುದು ಎರಡೇ ಕಡೆ. ಒಂದು ‘ಸಂಧ್ಯಾರಾಗ’ ಚಿತ್ರದ ಹಾಡುಗಳು. ಅ.ನ.ಕೃ. ಅವರ ಕಾದಂಬರಿಯಿಂದ 1966ರಲ್ಲಿ ತೆಗೆದ ಆ ಚಿತ್ರದಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣರೂ ಹಾಡಿದ್ದರಿಂದ, ಚಿತ್ರಗೀತೆಯೆಂದು ಮಂಡ್ಯದವನೂ ಶಾಸ್ತ್ರೀಯವೆಂದು ಧಾರವಾಡದವನೂ ಅದನ್ನು ತಂತಮ್ಮ ಪಕ್ಷಕ್ಕೆ ಎಳೆದುಕೊಳ್ಳುತ್ತಿದ್ದರು. ಇನ್ನೊಂದು ಪಿ. ಕಾಳಿಂಗರಾಯರ ಕಂಠ. ಅವರು ಉಡುಪಿಯ ಸೀಮೆಯಲ್ಲಿ ಹುಟ್ಟಿದವರೆಂಬ ಅಭಿಮಾನದಿಂದ ಪುತ್ತೂರಿನವನು ಕಿವಿ ತೆರೆಯುವನು. ಬೇಂದ್ರೆಯವರ ಪದಗಳನ್ನು ಹಾಡಿದವರೆಂದು ಧಾರವಾಡದವನು ತಲೆದೂಗುವನು. ಅವರ ಜಾನಪದ ಗೀತೆಗಳಿಗೆ ಮಂಡ್ಯದವನು ತಾಳ ಹಾಕುವನು. ಆಗ ಟ್ರಾನ್ಸಿಸ್ಟರಿನ ಮುಳ್ಳಿಗೆ ಸ್ವಲ್ಪ ವಿಶ್ರಾಂತಿ ದೊರೆಯುತ್ತಿತ್ತು.

ಹೀಗಿರುವಲ್ಲಿ 1980ನೆಯ ಡಿಸೆಂಬರಿನ ಕೊನೆಯ ವಾರದಲ್ಲಿ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಮುಷ್ಕರವು ಆರಂಭವಾಯಿತು. ವೇತನದಲ್ಲಿ ಸಮಾನತೆ ಬೇಕೆಂಬುದು ಕೆಲಸಗಾರರ ಬೇಡಿಕೆ. ಲಕ್ಷಕ್ಕೂ ಮೇಲ್ಪಟ್ಟ ಜನ ಕೆಲಸ ಬಿಟ್ಟು ಹೊರಗೆ ಬಂದರು. ವಾರದಲ್ಲಿ ಮುಗಿಯುವುದೆಂದು ಎಲ್ಲರೂ ಎಣಿಸಿದ್ದುದು 77 ದಿನಗಳ ಕಾಲ ನಡೆಯಿತು. ಕಾರ್ಖಾನೆಯ ಬಸ್ಸುಗಳು ನಿಂತ ರಸ್ತೆಗಳಲ್ಲಿ ಬೆಳಗಿನ ಜಾವದ ಮೌನವು ಹೇಗಿತ್ತೆಂಬುದನ್ನು ಆಗ ಅಲ್ಲಿದ್ದವರೇ ಬಲ್ಲರು. ಮುಷ್ಕರದ ಸರಿತಪ್ಪುಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಮನೆಯ ಮಟ್ಟಿಗೆ ಅದರ ಅರ್ಥ ಇಷ್ಟೇ: ನಾಲ್ಕು ಸಂಬಳಗಳಲ್ಲಿ ಎರಡು ನಿಂತವು.

ಮೊದಲ ದಿನಗಳು ಉಲ್ಲಾಸದಿಂದಲೇ ಕಳೆದವೆಂದರೆ ಆಶ್ಚರ್ಯಪಡಬಾರದು. ಅವರೆಕಾಯಿಯ ಕಾಲ, ಗಾಂಧೀಬಜಾರಿನಲ್ಲಿ ಸೊಗಡು ಅವರೆಯ ರಾಶಿಗಳು, ಬೆಲೆಯೂ ಸುಲಭ. ಸಂಜೆಯ ಹೊತ್ತು ನಾವು ನಾಲ್ವರೂ ಸುತ್ತ ಕುಳಿತು, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿದುಕುವೆವು. ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಮಂಡ್ಯದವನದು ಮಾತ್ರ ನೇರವಾಗಿ ನನ್ನ ಕನ್ನಡಕಕ್ಕೆ ಬೀಳುತ್ತಿತ್ತು. ನಡುವೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ. ಮುಷ್ಕರದ ಮಾತು ಬಂದಾಗ ಇಬ್ಬರ ಬೆರಳುಗಳು ನಿಲ್ಲುವವು. ವಾರ್ತೆ ಮುಗಿದಮೇಲೆ ಮತ್ತೆ ಚಲಿಸುವವು. ಹಿದುಕಿದ ಬೇಳೆಯ ಸಾರು, ಮುದ್ದೆ. ಆ ಸಾರಿನ ಪರಿಮಳವನ್ನು ಬೆಂಗಳೂರಿನ ಜನವರಿಯ ಚಳಿಯಲ್ಲಿ ಅನುಭವಿಸದವರಿಗೆ ಬರೆದು ತಿಳಿಸುವುದು ವ್ಯರ್ಥ ಪ್ರಯತ್ನ.

ಸಂಕ್ರಾಂತಿಗೆ ಮಂಡ್ಯದವನು ಊರಿಗೆ ಹೊರಟನು. ಕಬ್ಬು ಕಡಿಯುವ ಕಾಲ, ಆಲೆಮನೆಯಲ್ಲಿ ಕೈ ಬೇಕು, ಸುಮ್ಮನೆ ಇಲ್ಲಿ ಕುಳಿತು ನಿಮ್ಮ ಅಕ್ಕಿ ಕರಗಿಸುವುದಕ್ಕಿಂತ ಅದೇ ಮೇಲು ಎಂದು ನಗುತ್ತ ಹೇಳಿದನು. ಟ್ರಾನ್ಸಿಸ್ಟರನ್ನು ನಮಗೇ ಬಿಟ್ಟುಹೋದನು. ಅದು ಅವನ ಪಾಲಿಗೆ ಎಂತಹ ತ್ಯಾಗವೆಂಬುದನ್ನು ಮೇಲೆ ಹೇಳಿದುದರಿಂದ ಊಹಿಸಬಹುದು. ಧಾರವಾಡದವನು ಮಾತ್ರ ಊರಿಗೆ ಹೋಗುವ ಸುದ್ದಿಯನ್ನೇ ಎತ್ತಲಿಲ್ಲ. ಅವನ ತಂದೆ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು. ತಂಗಿಯ ಲಗ್ನದ ಮಾತು ನಡೆದಿತ್ತು. ತಮ್ಮ ಕಾರ್ಖಾನೆ ಮುಷ್ಕರದಲ್ಲಿ ಸೇರಿಲ್ಲವೆಂದು ಅವನು ಮನೆಗೆ ಸುಳ್ಳು ಬರೆದಿದ್ದನು. ಅದು ನಮಗೆ ಆಮೇಲೆ ತಿಳಿಯಿತು.

ಸಂಕ್ರಾಂತಿಯ ಸಂಜೆ ವಠಾರದ ಹೆಣ್ಣುಮಕ್ಕಳು ಜರಿಯ ಲಂಗ ಉಟ್ಟು ಎಳ್ಳು ಬೀರಲು ಬಂದರು. ಎಳ್ಳು, ಹುರಿಗಡಲೆ, ಕಡಲೆಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ ಬೆಲ್ಲ, ಮೇಲೆ ಒಂದು ಸಕ್ಕರೆಯ ಅಚ್ಚು, ಕಬ್ಬಿನ ತುಂಡು. ನಮ್ಮ ಮನೆಯೊಡತಿಯ ಮೊಮ್ಮಗಳು ನಾಲ್ಕು ಪೊಟ್ಟಣಗಳನ್ನು ಎಣಿಸಿ ಇಟ್ಟು, ಊರಿಗೆ ಹೋದ ಮಾವನದನ್ನು ನೀವು ತಿನ್ನಬಾರದು ಎಂದು ಕಟ್ಟಪ್ಪಣೆ ಮಾಡಿ ಹೋದಳು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬುದು ಆ ದಿನದ ನುಡಿಯಷ್ಟೆ. ನಾನು ಆಡಿದ ಮಾತು ಎಂತಹುದೆಂಬುದನ್ನು ಈಗ ಹೇಳಬೇಕಾಗಿದೆ.

ಜನವರಿ 31, ಶನಿವಾರ. ಪ್ರತಿ ತಿಂಗಳಂತೆ ರಾತ್ರಿ ಊಟವಾದಮೇಲೆ ನಾನು ಪುಸ್ತಕ ತೆರೆದು ಲೆಕ್ಕವನ್ನು ಗಟ್ಟಿಯಾಗಿ ಓದಿದೆನು. ಪುತ್ತೂರು ಇಷ್ಟು ಗೀಟು, ಇಷ್ಟು ರೂಪಾಯಿ, ಸಂದಿದೆ. ನಾನು ಇಷ್ಟು, ಸಂದಿದೆ. ಧಾರವಾಡ ಇಷ್ಟು ಗೀಟು. ಬಾಡಿಗೆ ಸೇರಿ ಬಾಕಿ 62 ರೂಪಾಯಿ 40 ಪೈಸೆ. ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಚೇರಿಯಲ್ಲಿ ಕಡತ ಓದುವಂತೆಯೇ ಓದಿದೆನು, ಅದೇ ತಪ್ಪು. ಅವನು “ಹೌದು, ಬರಕೋ” ಎಂದಷ್ಟೇ ಅಂದನು. ಪುತ್ತೂರಿನವನು ತಲೆ ತಗ್ಗಿಸಿ ಪಾತ್ರೆ ತೊಳೆಯಲು ಎದ್ದನು. ನನಗೆ ಆ ಕ್ಷಣದಲ್ಲಿಯೂ ಏನೂ ಹೊಳೆಯಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಮೈ ಬಿಸಿಯಾಗುತ್ತದೆ.

ಮರುದಿನದಿಂದ ಅವನ ಅಂಕಣದಲ್ಲಿ ಗೀಟುಗಳು ಕಡಿಮೆಯಾದವು. ರಾಜಾಜಿನಗರದಲ್ಲಿ ಅವನ ಸೋದರಮಾವನ ಮನೆಯಿತ್ತು. “ಊಟಾ ಮಾಮಾನ ಮನ್ಯಾಗ ಆತು” ಎಂದು ರಾತ್ರಿ ಒಂಬತ್ತರ ಮೇಲೆ ಬಂದು ಚಾಪೆ ಹಾಸಿಕೊಳ್ಳುವನು. ವಾರದಲ್ಲಿ ಎರಡು ದಿನ, ಆಮೇಲೆ ನಾಲ್ಕು ದಿನ. ಮಾವನ ಮನೆಯಲ್ಲಿ ಒಳ್ಳೆಯ ಆದರವಿರಬೇಕು ಎಂದು ನಾನು ಸಂತೋಷಪಟ್ಟೆನು. ಊಟವಾದ ಮನುಷ್ಯ ಮಲಗುವ ಮುನ್ನ ಎರಡು ಚೊಂಬು ನೀರು ಕುಡಿಯುವುದೇಕೆಂದು ಪುತ್ತೂರಿನವನು ಒಂದು ಸಲ ಕೇಳಿದನು. ನಾನು ಅದಕ್ಕೂ ಏನೋ ಸಮಾಧಾನ ಹೇಳಿದೆನು.

ಫೆಬ್ರವರಿ 14, ಎರಡನೆಯ ಶನಿವಾರವಾದುದರಿಂದ ನನಗೆ ರಜೆ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಧೋತರ ಕರಿಯ ಟೊಪ್ಪಿಗೆಯ ಹಿರಿಯರೊಬ್ಬರು ನಿಂತಿದ್ದರು. ಅವರೇ ಆ ಸೋದರಮಾವ. ಕುಳಿತು ನೀರು ಕುಡಿದು, “ಅಲ್ಲಪ್ಪಾ, ಹುಡುಗ ಎರಡು ತಿಂಗಳಾತು ನಮ್ಮ ಕಡೆ ಹಾದಿಲ್ಲ. ಆರಾಮ ಇದ್ದಾನೋ ಇಲ್ಲೋ ನೋಡಿ ಹೋಗೂಣಂತ ಬಂದೆ” ಎಂದರು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರು ಹೋದಮೇಲೆ ಪುಸ್ತಕವನ್ನು ತೆರೆದು ನೋಡಿದೆನು. ಹದಿನಾಲ್ಕು ದಿನಗಳಲ್ಲಿ ಅವನ ಅಂಕಣದಲ್ಲಿ ಹನ್ನೊಂದು ಗೀಟುಗಳಿದ್ದವು.

ಸಂಜೆಯ ಹೊತ್ತು ಅವನು ಕಹಳೆಬಂಡೆಯ ಮೇಲೆ ಕುಳಿತಿರುವುದನ್ನು ಪುತ್ತೂರಿನವನು ಹಿಂದೊಮ್ಮೆ ಕಂಡಿದ್ದನು. ನಾನು ಅಲ್ಲಿಗೆ ಹೋದೆನು. ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಆ ಬಂಡೆಯ ಮೇಲೆ, ಮರಗಳಲ್ಲಿ ಬಾವಲಿಗಳು ಎಚ್ಚರಗೊಳ್ಳುವ ಹೊತ್ತು, ಅವನು ಮೊಣಕಾಲು ಕಟ್ಟಿಕೊಂಡು ಕುಳಿತು ಏನನ್ನೋ ಮೆಲ್ಲಗೆ ಗುನುಗುತ್ತಿದ್ದನು. ನಾನು ಪಕ್ಕದಲ್ಲಿ ಕುಳಿತೆನು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆನು, ಒಂದೂ ಹೊರಡಲಿಲ್ಲ. ಕೊನೆಗೆ ಬಾಯಿಗೆ ಬಂದುದು ಇಷ್ಟೇ: “ಇವತ್ತು ಶನಿವಾರ. ರಾತ್ರಿ ಒಂಬತ್ತೂವರೆಗೆ ದೆಹಲಿಯಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಇದೆ. ರೇಡಿಯೋದ ಮುಳ್ಳು ನನ್ನ ಕೈಗೆ ಸಿಗುವುದಿಲ್ಲ, ನೀನು ಬಂದರೆ ಆಯಿತು.” ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾಮಾ ಬಂದಿದ್ದರೇನು?” ಎಂದನು. ಹೌದೆಂದೆನು. “ಏನ್ ಹೇಳಿದಿ?” “ಆರೋಗ್ಯವಾಗಿದ್ದಾನೆ ಎಂದೆ.” ಅವನು ಎದ್ದು ಅಂಗಿಯ ಧೂಳು ಕೊಡವಿಕೊಂಡನು. ಇಬ್ಬರೂ ನಡೆದು ಮನೆಗೆ ಬಂದೆವು.

ಮನೆಯಲ್ಲಿ ಪುತ್ತೂರಿನವನು ಒಂದು ಏರ್ಪಾಡು ಮಾಡಿದ್ದನು. ನಾನು ಅವನಿಗೆ ಏನನ್ನೂ ವಿವರಿಸಿರಲಿಲ್ಲ. ವಕೀಲನಾಗತಕ್ಕವನಿಗೆ ವಿವರಣೆ ಬೇಕಾಗಿಯೂ ಇರಲಿಲ್ಲ. ತಟ್ಟೆಗಳು ನಾಲ್ಕೂ ಗೋಡೆಗೆ ಒರಗಿದ್ದವು. ದೊಡ್ಡ ಪಾತ್ರೆಯಲ್ಲಿ ಅನ್ನವನ್ನೂ ಸಾರನ್ನೂ ಒಟ್ಟಿಗೆ ಕಲಸಿ, ತಾನು ನಡುವೆ ಕುಳಿತು, “ಕೈ ಒಡ್ಡಿ ಮಾರಾಯರೇ, ಇವತ್ತು ಕೈತುತ್ತು” ಎಂದನು. ಒಂದು ತುತ್ತು ನನಗೆ, ಒಂದು ಅವನಿಗೆ, ಒಂದು ತನಗೆ. ನಡುವೆ ಹಲಸಿನ ಹಪ್ಪಳದ ಚೂರು. ಯಾರ ಪಾಲು ಎಷ್ಟೆಂಬುದನ್ನು ಬ್ರಹ್ಮನೂ ಎಣಿಸುವಂತಿರಲಿಲ್ಲ. ಊಟ ಮುಗಿದಾಗ ಅವನು ನನ್ನ ಕಡೆ ತಿರುಗಿ, “ಇನ್ನು ಗೀಟು ಹಾಕು ನೋಡುವ, ಯಾರ ಹೆಸರಿಗೆ ಹಾಕುತ್ತೀ?” ಎಂದನು. ಅಂದಿನ ಪುಟದ ಮೇಲೆ ಗೀಟು ಬೀಳಲಿಲ್ಲ. ಆ ಮೇಲಿನ ಪುಟಗಳಲ್ಲಿಯೂ ಇಲ್ಲ. ಅಂದು ರೇಡಿಯೋದಲ್ಲಿ ಹಾಡಿದವರು ಯಾರೆಂಬುದು ನನಗೆ ಮರೆತುಹೋಗಿದೆ. ಧಾರವಾಡದವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದುದೂ, ಹಾಡು ಮುಗಿಯುವ ಮೊದಲೇ ಅವನಿಗೆ ನಿದ್ರೆ ಬಂದುದೂ ನೆನಪಿದೆ. ಹೊಟ್ಟೆ ತುಂಬಿದ ನಿದ್ರೆ.

ಮಾರ್ಚಿನಲ್ಲಿ ಮುಷ್ಕರ ಮುಗಿಯಿತು. ಕೆಲಸಗಾರರು ಬಯಸಿದುದು ದೊರೆಯಲಿಲ್ಲ. ಬಸ್ಸುಗಳು ಮಾತ್ರ ಮತ್ತೆ ಓಡಿದವು. ಮಂಡ್ಯದವನು ಮರಳಿ ಬಂದನು. ಮೈ ಕಪ್ಪಾಗಿತ್ತು, ಅಂಗೈಯಲ್ಲಿ ಬೊಕ್ಕೆಗಳ ಗುರುತು, ಹೆಗಲ ಮೇಲೆ ಚೀಲದ ತುಂಬ ತಮ್ಮ ಆಲೆಮನೆಯ ಅಚ್ಚುಬೆಲ್ಲ. ತಿಂಗಳ ಕೊನೆಗೆ ಇಬ್ಬರಿಗೂ ಅರ್ಧ ತಿಂಗಳ ಸಂಬಳ ಬಂದಿತು. ಏಪ್ರಿಲ್ 5, ಭಾನುವಾರ, ಯುಗಾದಿ. ರೌದ್ರಿ ಸಂವತ್ಸರ ಕಳೆದು ದುರ್ಮತಿ ಸಂವತ್ಸರ ಬರುವುದೆಂದು ಪಂಚಾಂಗದಲ್ಲಿ ಕಂಡು, ಹೋದ ವರ್ಷಕ್ಕೆ ಹೆಸರು ಸರಿಯಾಗಿ ಒಪ್ಪಿತ್ತು, ಬರುವ ವರ್ಷಕ್ಕೆ ಇನ್ನೂ ಸ್ವಲ್ಪ ಒಳ್ಳೆಯ ಹೆಸರಿಡಬಾರದಿತ್ತೆ ಎಂದು ಮಂಡ್ಯದವನು ಆಕ್ಷೇಪಿಸಿದನು. ಬೆಲ್ಲವಂತೂ ಮನೆಯಲ್ಲಿದೆ, ಒಬ್ಬಟ್ಟು ಮಾಡಿಯೇ ತೀರಬೇಕೆಂದು ನಿಶ್ಚಯವಾಯಿತು.

ನಿಶ್ಚಯವಾದೊಡನೆ ಯುದ್ಧವೂ ಆರಂಭವಾಯಿತು. ಮೈಸೂರು ಸೀಮೆಯ ನಾವಿಬ್ಬರೂ ತೊಗರಿಬೇಳೆಯ ಪಕ್ಷ. ಧಾರವಾಡದವನು ಕಡಲೆಬೇಳೆಯ ಹೊರತು ಬೇರೆಯದನ್ನು ಹೋಳಿಗೆಯೆಂದು ಒಪ್ಪಲೊಲ್ಲನು. “ತೊಗರಿಬ್ಯಾಳಿ ಸಾರಿಗೆ ಹಾಕತಾರೋ ಹುಚ್ಚಾ, ಹೋಳಿಗಿಗೆ ಯಾರರೆ ಹಾಕತಾರೇನು? ಹಾಲು ತುಪ್ಪದಾಗ ಕಲಿಸಿ ತಿನ್ನೂದು ಕಡ್ಲಿಬ್ಯಾಳಿ ಹೋಳಿಗಿ!” ಗೋಧಿಯ ಹಿಟ್ಟಿನಲ್ಲಿ ಲಟ್ಟಿಸಬೇಕೆಂದು ಅವನು, ಚಿರೋಟಿ ರವೆಯ ಕಣಕದಲ್ಲಿ ತಟ್ಟಬೇಕೆಂದು ನಾವು. ಪುತ್ತೂರಿನವನು ಇದು ತನ್ನ ಹಬ್ಬವೇ ಅಲ್ಲವೆಂದು ಸ್ಪಷ್ಟಪಡಿಸಿದನು. ಅವರ ಸೀಮೆಯಲ್ಲಿ ವರ್ಷ ಮೊದಲಾಗುವುದು ಸೌರಮಾನದಿಂದ, ಏಪ್ರಿಲಿನ ನಡುವೆ ಬರುವ ಬಿಸುವಿನಂದು; ಬೆಳಗಾಗೆದ್ದು ಕಣಿ ನೋಡಿ ಪಾಯಸ ಉಣ್ಣುವುದು ಅವರ ಯುಗಾದಿ. ಆದಕಾರಣ ತಾನು ತಟಸ್ಥನೆಂದೂ ಮಧ್ಯಸ್ಥನಾಗಲು ಅರ್ಹನೆಂದೂ ವಾದಿಸಿ, ಎರಡು ಪಾವು ಬೇಳೆಯಲ್ಲಿ ಒಂದು ಪಾವು ತೊಗರಿ, ಒಂದು ಪಾವು ಕಡಲೆ ಎಂದು ತೀರ್ಪಿತ್ತನು. ಪಾಕಶಾಸ್ತ್ರದ ದೃಷ್ಟಿಯಿಂದ ಅದು ಅತ್ಯಂತ ಕೆಟ್ಟ ತೀರ್ಪು. ಎರಡೂ ಬೇಯುವ ಕಾಲ ಬೇರೆ. ಕಡಲೆ ಹದಕ್ಕೆ ಬರುವಷ್ಟರಲ್ಲಿ ತೊಗರಿ ಕರಗಿ ಗಂಜಿಯಾಗಿತ್ತು.

ಒಬ್ಬಟ್ಟಿನ ಬೇಳೆ ಕಾಳು ಒಡೆಯದಂತೆ, ಆದರೆ ಬೆರಳಿಗೆ ನುಣುಪಾಗಿ ನುರಿಯುವಂತೆ ಬೇಯಬೇಕು. ಕಟ್ಟನ್ನು ಪೂರ್ತಿ ಬಸಿದು ಬೆಲ್ಲ ಹಾಕಬೇಕು. ನಾವು ಬಸಿದುದು ಅರ್ಧ. ಬೆಲ್ಲ ಬಿದ್ದೊಡನೆ ಹೂರಣವು ಹೂರಣವಾಗದೆ ಪಾಯಸವಾಯಿತು. ಪುತ್ತೂರಿನವನು ಅದನ್ನು ನೋಡಿ, “ನಮ್ಮ ಹಬ್ಬವೇ ಬಂತು!” ಎಂದು ಚಪ್ಪಾಳೆ ತಟ್ಟಿದನು. ಗಲಾಟೆ ಕೇಳಿ ಮನೆಯೊಡತಿ ಬಂದರು. ಎಪ್ಪತ್ತರ ಹತ್ತಿರದ ಹಿರಿಯರು. ನಾವು ಅಜ್ಜಿಯೆಂದೇ ಕರೆಯುತ್ತಿದ್ದೆವು. ಮಡಿಯಲ್ಲಿದ್ದುದರಿಂದ ಹೊಸ್ತಿಲಾಚೆಯೇ ನಿಂತು ಇಣಿಕಿ ನೋಡಿ, “ಅಯ್ಯೋ ನನ್ನಪ್ಪಗಳಿರಾ, ಉರಿ ಸಣ್ಣ ಮಾಡಿ ಮಗುಚುತ್ತಾ ಕೂತ್ಕೊಳ್ಳಿ. ತಳ ಬಿಟ್ಟು ಬರೋ ತನಕ ಕೈ ನಿಲ್ಲಿಸಬೇಡಿ” ಎಂದರು. ಒಂದು ಗಂಟೆಯ ಕಾಲ ಸರದಿಯ ಮೇಲೆ ಮಗುಚಿದೆವು. ಮಂಡ್ಯದವನಿಗೆ ಆಲೆಮನೆಯ ಅಭ್ಯಾಸವಿದ್ದುದರಿಂದ ಪಾಕದ ಗುಳ್ಳೆ ನೋಡಿ ಹದ ಹೇಳುವ ಅಧಿಕಾರ ಅವನದಾಯಿತು. ಕೊಪ್ಪರಿಗೆಯ ಮುಂದೆ ರಾತ್ರಿಯೆಲ್ಲ ನಿಂತು ಕಲಿತ ವಿದ್ಯೆ ಹೀಗೆ ಸಾರ್ಥಕವಾಯಿತು. ಆರಿದಮೇಲೆ ಅಜ್ಜಿಯ ಒರಳಿನಲ್ಲಿ ಏಲಕ್ಕಿ ಹಾಕಿ ರುಬ್ಬಿದೆವು.

ಅರಿಸಿನ ಹಾಕಿ ಕಲಸಿದ ಕಣಕವು ಬೆಳಗಿನಿಂದ ಎಣ್ಣೆಯಲ್ಲಿ ಮುಳುಗಿ ನೆನೆದಿತ್ತು. ಅದೊಂದು ಮಾತ್ರ ಚೆನ್ನಾಗಿತ್ತು. ಬಾಳೆಯೆಲೆಯ ಮೇಲೆ ಕಣಕವನ್ನು ಅಗಲಿಸಿ, ಉಂಡೆಯನ್ನು ಮುಚ್ಚಿ ತಟ್ಟಿದ ಮೊದಲನೆಯ ಒಬ್ಬಟ್ಟು ಕಾವಲಿಗೆ ಬೀಳುವಾಗ ಹರಿದು ಮೂರು ತುಂಡಾಯಿತು. ಎರಡನೆಯದು ಸೀದಿತು. ಮೂರನೆಯದು ಒಬ್ಬಟ್ಟನ್ನು ಹೋಲಿತು. ಒಟ್ಟು ಇಪ್ಪತ್ತೆರಡು ಆದವು. ಅವುಗಳಲ್ಲಿ ಗುಂಡಗಿದ್ದವು ಐದು. ಬಸಿದ ಕಟ್ಟಿಗೆ ಹುಣಿಸೆಹಣ್ಣು, ಸಾರಿನ ಪುಡಿ, ಒಂದಿಷ್ಟು ಹೂರಣ, ಕರಿಬೇವಿನ ಒಗ್ಗರಣೆ ಸೇರಿಸಿ ಮಾಡಿದ ಸಾರೇ ಅಂದಿನ ಅಡಿಗೆಯ ರಾಜ. ಧಾರವಾಡದವನು ಅದನ್ನು ಕಟ್ಟಿನ ಸಾರು ಎಂದನು, ನಾವು ಒಬ್ಬಟ್ಟಿನ ಸಾರು ಎಂದೆವು. ಹೆಸರಿನ ಮೇಲೆ ಮತ್ತೊಂದು ಜಗಳವಾಗುವಷ್ಟು ಶಕ್ತಿ ಯಾರಲ್ಲಿಯೂ ಉಳಿದಿರಲಿಲ್ಲ. ಮೊದಲ ಐದು ಗುಂಡನೆಯ ಒಬ್ಬಟ್ಟುಗಳನ್ನು ಅಜ್ಜಿಯ ಮೊಮ್ಮಗಳಿಗೆ ಕೊಟ್ಟೆವು. ಅವಳು ತಿಂದು ನೋಡಿ, ರುಚಿ ಚೆನ್ನಾಗಿದೆ, ಬಣ್ಣ ಮಾತ್ರ ಬೇರೆ ಯಾವುದೋ ತಿಂಡಿಯದು ಎಂದಳು.

ಊಟಕ್ಕೆ ಕುಳಿತುಕೊಳ್ಳುವ ಮುನ್ನ, ಬೇವು ಬೆಲ್ಲವನ್ನು ಅಂಗೈಯಲ್ಲಿ ಹಿಡಿದಾಗ, ಧಾರವಾಡದವನು ಕಿಸೆಯಿಂದ ಒಂದು ಚೀಟಿಯನ್ನೂ ಐವತ್ತು ರೂಪಾಯಿಗಳನ್ನೂ ತೆಗೆದು ನನ್ನ ಮುಂದಿಟ್ಟನು. ಚೀಟಿಯಲ್ಲಿ ಪೆನ್ಸಿಲಿನ ಗೀಟುಗಳು. ಕೈತುತ್ತಿನ ದಿನದಿಂದ ನಾನು ನಿಲ್ಲಿಸಿದ ಲೆಕ್ಕವನ್ನು ಅವನು ಒಂದು ಊಟವೂ ತಪ್ಪದಂತೆ ತಾನೇ ಬರೆದಿಟ್ಟಿದ್ದನು. ಹಳೆಯ ಬಾಕಿ, ಬಾಡಿಗೆ ಎಲ್ಲ ಸೇರಿ 214 ರೂಪಾಯಿ. “ಉಳಿದದ್ದು ದೀಪಾವಳಿ ಒಳಗ ತೀರಸ್ತೀನಿ. ಋಣಾ ಇಟಗೊಂಡು ಬೇವು ತಿಂದರ ಬರೇ ಕಹಿನೇ ಆಗತದ” ಎಂದನು. ಬೇಡವೆನ್ನುವ ಮಾತು ನನ್ನ ತುದಿನಾಲಗೆಯವರೆಗೂ ಬಂದಿತ್ತು. ಪುತ್ತೂರಿನವನು ಕಣ್ಣಿನಿಂದಲೇ ತಡೆದನು. ಬೇಡವೆಂದಿದ್ದರೆ ಜನವರಿಯ ತಪ್ಪನ್ನು ಏಪ್ರಿಲಿನಲ್ಲಿ ಎರಡನೆಯ ಸಲ ಮಾಡಿದಂತಾಗುತ್ತಿತ್ತು ಎಂದು ಈಗ ನನಗೆ ಅನ್ನಿಸುತ್ತದೆ. ನೋಟನ್ನು ತೆಗೆದುಕೊಂಡು ಪುಸ್ತಕದಲ್ಲಿ ಜಮೆ ಬರೆದೆನು. ಗಟ್ಟಿಯಾಗಿ ಓದಲಿಲ್ಲ.

ಆ ವರ್ಷದ ರಾಮನವಮಿಯನ್ನೂ ಹೇಳದೆ ಬಿಡಲಾರೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಲಿಯ ಸಂಗೀತೋತ್ಸವವು 1939ರಲ್ಲಿ ಮೊದಲಾದ ಸಂಪ್ರದಾಯ. ತಿಂಗಳಿಗೂ ಮೇಲ್ಪಟ್ಟು ನಡೆಯತಕ್ಕದ್ದು. ಚೌಡಯ್ಯನವರ ಪಿಟೀಲನ್ನು ಕೇಳಿದ ಚಪ್ಪರವೆಂದು ಹಿರಿಯರು ಹೇಳುತ್ತಿದ್ದರು. ಟಿಕೆಟ್ಟಿಗೆ ಹಣವಿಲ್ಲದವರು ಹೊರಗೆ, ರಸ್ತೆಯ ಬದಿಯಲ್ಲಿ, ವೃತ್ತಪತ್ರಿಕೆ ಹಾಸಿಕೊಂಡು ಧ್ವನಿವರ್ಧಕದಿಂದ ಬರುವುದನ್ನು ಕೇಳುವರು. ಅಲ್ಲಿ ಕುಳಿತವರಲ್ಲಿ ಒಳಗೆ ಕುಳಿತವರಿಗಿಂತ ಒಳ್ಳೆಯ ರಸಿಕರಿದ್ದರೆಂಬುದು ನನ್ನ ದೃಢವಾದ ನಂಬಿಕೆ. ನಾಲ್ವರೂ ಹನುಮಂತನಗರದಿಂದ ನಡೆದು ಹೋಗುವೆವು. ದಾರಿಯಲ್ಲಿ ಯಾವುದಾದರೊಂದು ಗುಡಿಯಲ್ಲಿ ಪಾನಕ, ಕೋಸಂಬರಿ. ಧಾರವಾಡದವನಿಗೆ ಕರ್ನಾಟಕ ಸಂಗೀತದ ಕಲ್ಪನಾಸ್ವರಗಳಲ್ಲಿ ಅಷ್ಟು ನಂಬಿಕೆಯಿರಲಿಲ್ಲ. ಇದು ಗಣಿತ, ಗಾಯನವಲ್ಲ ಎನ್ನುವನು. ಆದರೂ ಆಲಾಪನೆ ಮೊದಲಾದರೆ ಕೈ ಕಿವಿಗೆ ಹೋಗುವುದು. ಮಂಡ್ಯದವನು ತನಿ ಆವರ್ತನದ ಮೃದಂಗಕ್ಕೆ ಮಾತ್ರ ಎಚ್ಚರವಾಗಿದ್ದು ಉಳಿದ ಹೊತ್ತು ನನ್ನ ಹೆಗಲ ಮೇಲೆ ನಿದ್ರಿಸುವನು. ರಾತ್ರಿ ಹನ್ನೊಂದಕ್ಕೆ, ನಿರ್ಜನವಾದ ಬೀದಿಗಳಲ್ಲಿ, ನಾಲ್ವರೂ ನಾಲ್ಕು ಬಗೆಯ ಹಾಡುಗಳನ್ನು ಹಾಡಿಕೊಂಡು ಏರು ಹತ್ತಿ ಮನೆಗೆ ಬರುವೆವು. ಬಿಸುವಿನ ದಿನ ಪುತ್ತೂರಿನವನು ನಸುಕಿಗೇ ನಮ್ಮನ್ನೆಬ್ಬಿಸಿ, ಕಣ್ಣು ಮುಚ್ಚಿಸಿ ಕರೆದೊಯ್ದು, ಸೌತೆಕಾಯಿ, ಮಾವಿನಕಾಯಿ, ಕನ್ನಡಿಯ ಮುಂದೆ ಕಣ್ಣು ತೆರೆಸಿದನು. ಚಿನ್ನ ಇಡಬೇಕಾದ ಸ್ಥಳದಲ್ಲಿ ಮಂಡ್ಯದವನ ಟ್ರಾನ್ಸಿಸ್ಟರು ಇತ್ತು.

ಅದೇ 1981ರ ಸೆಪ್ಟೆಂಬರಿನಲ್ಲಿ ಕಾಳಿಂಗರಾಯರು ತೀರಿಕೊಂಡರು. ಸುದ್ದಿ ತಿಳಿದ ರಾತ್ರಿ ಆಕಾಶವಾಣಿಯಲ್ಲಿ ಅವರ ಹಾಡುಗಳು ಬರುತ್ತಿದ್ದಾಗ ಯಾರೂ ಮುಳ್ಳಿಗೆ ಕೈ ಹಾಕಲಿಲ್ಲ. ದೀಪಾವಳಿಗೆ ನಾಲ್ಕು ದಿನ ಮುಂಚೆ ಧಾರವಾಡದವನ ಕೊನೆಯ ಕಂತು ಸಂದಿತು. ಅವನ ತಂಗಿಯ ಲಗ್ನಕ್ಕೆ ನಾವು ಮೂವರೂ ಹೋಗಿ, ಕಡಲೆಬೇಳೆಯ ಹೋಳಿಗೆಯನ್ನು ಹಾಲು ತುಪ್ಪದಲ್ಲಿ ಕಲಸಿ ತಿಂದು, ಸೋತೆವೆಂದು ಬಾಯಿಬಿಟ್ಟು ಹೇಳದೆ ಹಿಂದಿರುಗಿದೆವು. ಎರಡು ವರ್ಷಗಳಲ್ಲಿ ಒಬ್ಬೊಬ್ಬರಿಗೆ ಮದುವೆಯಾಗಿ, ವರ್ಗವಾಗಿ, ಮನೆ ಖಾಲಿಯಾಯಿತು. ಆ ವಠಾರವಿದ್ದ ಸ್ಥಳದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ.

ನೋಟುಪುಸ್ತಕ ನನ್ನಲ್ಲಿಯೇ ಇದೆ. ಪ್ರತಿ ಯುಗಾದಿಯ ಬೆಳಿಗ್ಗೆ ಧಾರವಾಡದಿಂದ ದೂರವಾಣಿ ಬರುತ್ತದೆ. ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ. “ಈ ಸಲ ತೊಗರಿನೋ, ಕಡ್ಲಿನೋ?” ಎಂದು ಕೇಳುತ್ತಾನೆ. ನನ್ನ ಮನೆಯಲ್ಲಿ ತೊಗರಿಯೇ. ಆದರೆ ಒಂದು ಹಿಡಿ ಕಡಲೆಬೇಳೆಯನ್ನು ಬೇರೆಯಾಗಿ ಬೇಯಿಸಿ ಸೇರಿಸುವಂತೆ ನನ್ನ ಹೆಂಡತಿಗೆ ಹೇಳಿರುವುದನ್ನು ಅವನಿಗೆ ಇನ್ನೂ ತಿಳಿಸಿಲ್ಲ.